ಮದ್ದು ಹೊಡೆಯದ ತಾಕು

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಮಂಡಿನೋವು ಮಳೆಯ ಲೆಕ್ಕದಲ್ಲಿ ಏರಿ ಇಳಿಯುತ್ತಿದೆ. ಮೊನ್ನೆ ಫೋನಿನಲ್ಲಿ ನೀನು ಅರ್ಧ ಹೇಳಿ ಅರ್ಧ ನುಂಗಿದ ಮಾತು ನನ್ನನ್ನು ಬಿಡುತ್ತಿಲ್ಲ. ಫೋನಿನಲ್ಲಿ ಬುದ್ಧಿ ಹೇಳಿದರೆ ಈಗಿನವರು ಹೂಂಗುಟ್ಟುತ್ತ ಬೇರೇನೋ ನೋಡುತ್ತಿರುತ್ತೀರಿ. ಅದಕ್ಕೇ ಈ ಕಾಗದ.

ನೀನು ಹೇಳಿದ್ದು ಇಷ್ಟು. ನಿನ್ನ ಪ್ರಯೋಗದ ಹೊಲದಲ್ಲಿ ಮೆಕ್ಕೆಜೋಳದ ಸೈನಿಕ ಹುಳುವಿಗೆ ಮದ್ದು ಹೊಡೆದ ತಾಕುಗಳಿಗೂ (ಅಳೆದು ಗೂಟ ಹೊಡೆದ ಸಣ್ಣ ಮಡಿಗಳು) ಹೋಲಿಸಿ ನೋಡಲೆಂದು ಏನೂ ಹೊಡೆಯದೆ ಬಿಟ್ಟ ಕಂಟ್ರೋಲ್ ತಾಕುಗಳಿಗೂ ಈಗ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ. ನಾಲ್ಕು ಕಂಟ್ರೋಲ್ ತಾಕುಗಳಲ್ಲಿ ಎರಡರಲ್ಲಂತೂ ಹುಳುಗಳು ತಮ್ಮಷ್ಟಕ್ಕೆ ಸತ್ತು ಎಲೆಗೆ ಅಂಟಿಕೊಂಡಿವೆ. 'ಆ ಎರಡು ತಾಕು ಕೆಟ್ಟುಹೋದವು ದೊಡ್ಡಪ್ಪ, ಲೆಕ್ಕದಿಂದ ಬಿಟ್ಟುಬಿಡೋಣ ಅನ್ನಿಸುತ್ತಿದೆ' ಎಂದೆ.

ಬಿಡಬೇಡ.

ನಾನು ವಿಜ್ಞಾನಿಯಲ್ಲ, ನಿನಗೆ ಗೊತ್ತು. ಮೂವತ್ತೊಂದು ವರ್ಷ ಒಂದು ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕನಾಗಿ ಗೂಟ ಹೊಡೆದೆ, ಹಗ್ಗ ಹಿಡಿದೆ, ಎಣಿಸಿದೆ. ಯಾವ ಪ್ರಬಂಧದಲ್ಲೂ ನನ್ನ ಹೆಸರಿಲ್ಲ. ಅವುಗಳ ಕೋಷ್ಟಕದಲ್ಲಿರುವ ಎಷ್ಟೋ ಅಂಕಿಗಳು ಮಾತ್ರ ನನ್ನ ಪೆನ್ಸಿಲಿನಿಂದ ಹೋದವು. ಆ ಅಧಿಕಾರದಿಂದ ಹೇಳುತ್ತಿದ್ದೇನೆ.

ಸತ್ತ ಹುಳು ಹೇಗಿತ್ತು ಎಂದು ಕೇಳಿದರೆ 'ಬಿಳಿ ಬೂಷ್ಟು ಹಿಡಿದಿತ್ತು' ಎಂದೆಯಲ್ಲ, ನಾಳೆ ಬೆಳಿಗ್ಗೆ ಅದೇ ಗಿಡಗಳ ಹತ್ತಿರ ಮತ್ತೆ ಹೋಗು. ಬಿಳಿ ತಿಳಿಹಸಿರಿಗೆ ತಿರುಗಿರಬೇಕು. ಹುಳು ಮೆತ್ತಗೆ ಕೊಳೆತಿರುವುದಿಲ್ಲ, ಸುಣ್ಣದ ಕಡ್ಡಿಯಂತೆ ಸೆಟೆದು ನಿಂತಿರುತ್ತದೆ. ಮುಟ್ಟಿದರೆ ಬೆರಳಿಗೆ ಹಸಿರು ಪುಡಿ. ಹಾಗಿದ್ದರೆ ಅದು ಮೆಟಾರೈಜಿಯಂ ರೈಲೆಯಿ ಎಂಬ ಶಿಲೀಂಧ್ರ. ನಮ್ಮ ಕಾಲದಲ್ಲಿ ನೊಮುರಿಯಾ ಎನ್ನುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದನ್ನೇ ಬೆಳೆಸಿ ಸೋಯಾಬೀನಿನ ಹುಳುವಿನ ಮೇಲೆ ಬಿಟ್ಟು ಎಷ್ಟೋ ಕೆಲಸ ಮಾಡಿದ್ದಾರೆ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ ವಾರಗಳಲ್ಲಿ, ಹುಳು ಹೇರಳವಾಗಿರುವ ಕಡೆ, ಅದು ತಾನೇ ಹಬ್ಬುತ್ತದೆ. ನಿನ್ನ ಮದ್ದಿನ ತಾಕುಗಳಲ್ಲಿ ಹುಳುವೇ ಉಳಿದಿರಲಿಲ್ಲ, ಬೂಷ್ಟಿಗೆ ಅಲ್ಲಿ ಊಟವೆಲ್ಲಿ? ಜೇಡ, ಬಾಲದಲ್ಲಿ ಇಕ್ಕಳವಿರುವ ಕೀಟ ಇಯರ್‌ವಿಗ್, ಮೊಟ್ಟೆಯೊಳಗೆ ಮೊಟ್ಟೆ ಇಡುವ ಸಣ್ಣ ಕಣಜ, ಇವನ್ನೂ ಮದ್ದು ಬಿಡುವುದಿಲ್ಲ. ಕಂಟ್ರೋಲ್ ತಾಕಿನಲ್ಲಿ ಇವೆಲ್ಲ ಉಳಿದುಕೊಂಡು ತಮ್ಮ ಕೆಲಸ ಮಾಡಿವೆ. ನೀನು 'ಕೆಟ್ಟಿತು' ಎಂದದ್ದು ಇದನ್ನು! ನನ್ನ ಮಾತನ್ನೂ ನಂಬಿ ಬರೆದುಬಿಡಬೇಡ. ನಾಲ್ಕು ಹುಳು ಶೀಶೆಯಲ್ಲಿ ಹಾಕಿ ರೋಗಶಾಸ್ತ್ರ ವಿಭಾಗಕ್ಕೆ ಕೊಡು, ಸೂಕ್ಷ್ಮದರ್ಶಕದಲ್ಲಿ ನೋಡಿ ಅವರೇ ಹೇಳಲಿ.

ನಿನ್ನ ತಾಕಿನ ಈ ಹೊಸ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಗುರುತು ಸಿಕ್ಕಿದ್ದೇ ನೀನಿರುವ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಮೆಕ್ಕೆಜೋಳದ ಸುಳಿಯಲ್ಲಿ ಲದ್ದಿ ತುಂಬುವ ಹುಳು ರೈತರಿಗೆ ಹೊಸದಲ್ಲ, ಹಳೆಯ ಸೈನಿಕ ಹುಳುವೇ ಎಂದು ಮುಂದೆ ನಡೆಯಬಹುದಿತ್ತು. ನಿಮ್ಮ ವಿಶ್ವವಿದ್ಯಾಲಯದವರು ಬಗ್ಗಿ ತಲೆ ನೋಡಿದರು, ತಲೆಕೆಳಗಾದ 'ವೈ' ಗುರುತು. ಬಾಲದ ಹತ್ತಿರ ನೋಡಿದರು, ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಅಮೆರಿಕ ಖಂಡದ ಹುಳು ಆಫ್ರಿಕಾ ದಾಟಿ ನಮ್ಮ ಹೊಲಕ್ಕೆ ಬಂದ ಸುದ್ದಿ ಆ ನಾಲ್ಕು ಚುಕ್ಕೆಯಲ್ಲಿತ್ತು.

ತಾಕನ್ನು ಲೆಕ್ಕದಿಂದ ಬಿಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಮ್ಮೆ ನಾವೇ ಬಿಟ್ಟೆವು. ರೈತರೊಬ್ಬರ ಹೊಲದಲ್ಲಿ ರಾಗಿಗೆ ಕಳೆನಾಶಕದ ಪ್ರಯೋಗ ನಡೆದಿತ್ತು. ಪ್ರತಿ ರೆಪ್ಲಿಕೇಶನ್ನಿನಲ್ಲಿ (ಅದೇ ಪ್ರಯೋಗವನ್ನು ಮತ್ತೆ ಮಾಡುವ ಒಂದೊಂದು ಸಾಲಿನಲ್ಲಿ) ಒಂದು ತಾಕು ಕಳೆ ಕೀಳದೆ ಹಾಗೇ ಬಿಡಬೇಕು. ಮೂರು ವಾರಕ್ಕೆ ಅಲ್ಲಿ ಅಣ್ಣೆ ಸೊಪ್ಪು, ಗರಿಕೆ, ಕೊನ್ನಾರಿ ರಾಗಿಯನ್ನು ಮುಚ್ಚಿ ಎದ್ದವು. ದಾರಿಯಲ್ಲಿ ಹೋಗುವವರು 'ವ್ಯವಸಾಯ ಕಲಿಸುವವರ ಹೊಲ ನೋಡಿ' ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೂರನೆಯ ರೆಪ್ಲಿಕೇಶನ್ನಿನ ಕಳೆ ತಾಕು ಹಬ್ಬಕ್ಕೆ ಗುಡಿಸಿದ ಅಂಗಳದಂತಿದೆ. ಬದುವಿನ ಮೇಲೆ ರೈತನ ತಾಯಿ, ಮಡಿಲ ತುಂಬ ಅಣ್ಣೆ ಸೊಪ್ಪು. 'ಒಂದು ಮಡಿ ಮರೆತುಬಿಟ್ಟಿದ್ದಿರಿ ಮಗನೇ, ನೋಡಲಾಗಲಿಲ್ಲ, ಕಿತ್ತುಬಿಟ್ಟೆ.' ಮುಂಜಾನೆ ಐದಕ್ಕೇ ಬಂದು ಕುಳಿತಿದ್ದರಂತೆ. ಏನು ಹೇಳುವುದು? ಅವರ ಮನೆಯಲ್ಲೇ ಅಂದು ನಮಗೆ ಆ ಸೊಪ್ಪಿನ ಸಾರು, ಮುದ್ದೆ. ನಮ್ಮ ವಿಜ್ಞಾನಿ ಊಟಕ್ಕೆ ಕೂರುವ ಮೊದಲು ಕ್ಷೇತ್ರ ಪುಸ್ತಕ ತೆಗೆದು ತಾರೀಖು ಹಾಕಿ ಬರೆದರು: ಹೊರಗಿನವರು ಕಳೆ ಕಿತ್ತಿದ್ದಾರೆ, ಈ ತಾಕನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬೆಳೆ ಕೊಯ್ಯುವುದಕ್ಕೆ ಎರಡೂವರೆ ತಿಂಗಳು ಮೊದಲೇ ಬರೆದರು, ಫಲಿತಾಂಶ ಏನೆಂದು ಯಾರಿಗೂ ಗೊತ್ತಿಲ್ಲದಾಗ. ನಿನ್ನ ತಾಕಿಗೆ ಯಾವ ಅಜ್ಜಿಯೂ ಬಂದಿಲ್ಲ. ಅಂಕಿ ನೋಡಿದ ಮೇಲೆ ನಿನಗೆ ಆ ತಾಕು ಬೇಡವಾಗಿದೆ.

ಇನ್ನು ನನ್ನ ತಪ್ಪು. ನಿಮ್ಮಪ್ಪನಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಾಗಿಯ ಸಂಜೆ, ಅವರೆ ಹೊಲ. ತಾಕಿಗೆ ಐದು ಗಿಡ ಆರಿಸಿ, ಒಟ್ಟು ಕಾಯಿ ಎಷ್ಟು, ಕಾಯಿಕೊರಕ ತೂತು ಮಾಡಿದ್ದು ಎಷ್ಟು ಎಂದು ಎಣಿಸಬೇಕು. ಕೈಯೆಲ್ಲ ಸೊಗಡು, ಬೆರಳಿಗೆ ಅಂಟು ಅಂಟು. (ಈಗ ಹೆಬ್ಬಾಳ ಅವರೆ ಎಂಬ ತಳಿ ಬಂದ ಮೇಲೆ ವರ್ಷವಿಡೀ ಕಾಯಿ ಸಿಗುತ್ತದೆ, ಸೊಗಡು ಮಾತ್ರ ಚಳಿಯಲ್ಲಿ ಕೊಯ್ದದ್ದಕ್ಕೇ.) ಕೊನೆಯ ನಾಲ್ಕು ತಾಕು ಉಳಿದಿದ್ದವು, ಬೆಳಕು ಹೋಗುತ್ತಿತ್ತು, ಊರಿನ ಕೊನೆಯ ಬಸ್ಸು ಆರೂಕಾಲಿಗೆ. ಬೆಳಿಗ್ಗೆ ಎಣಿಸಿದ ತಾಕುಗಳ ಅಂಕಿಯನ್ನೇ ಒಂದೆರಡು ಹೆಚ್ಚು ಕಡಿಮೆ ಮಾಡಿ ಬದುವಿನ ಮೇಲೆ ನಿಂತು ತುಂಬಿಸಿದೆ.

ಮರುದಿನ ನಮ್ಮ ವಿಜ್ಞಾನಿ ಪುಸ್ತಕ ನೋಡುತ್ತ ಆ ಪುಟದಲ್ಲಿ ನಿಂತರು. ಬೈಯಲಿಲ್ಲ. 'ಉಳಿದ ಹನ್ನೆರಡು ತಾಕುಗಳಲ್ಲಿ ಎಲ್ಲೋ ಒಂದು ಗಿಡದಲ್ಲಿ ಸೊನ್ನೆ ಇದೆ, ಎಲ್ಲೋ ಒಂದರಲ್ಲಿ ಇಪ್ಪತ್ತಿದೆ. ಈ ನಾಲ್ಕರಲ್ಲಿ ಮಾತ್ರ ಹುಳುಗಳು ಬಹಳ ಮರ್ಯಾದಸ್ಥವಾಗಿವೆ' ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹೋಗಿ ಎಣಿಸಿ ಬಂದೆ. ಒಂದು ಗಿಡದಲ್ಲಿ ಮೂವತ್ತೊಂದು ತೂತು ಕಾಯಿ ಇದ್ದವು. ನಾನು ಬರೆದದ್ದು ಎಂಟು.

ಎಣಿಸದೆ ಬರೆದರೆ ಕೈಗೆ ಬರುವುದು ಸರಾಸರಿಯ ಹತ್ತಿರದ ಅಂಕಿಯೇ. ಹೊಲ ಹಾಗಿರುವುದಿಲ್ಲ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕಳೆಯನ್ನು ತಿನ್ನುವ ಮೆಕ್ಸಿಕನ್ ದುಂಬಿಯ ಕತೆಯನ್ನು ನೀವು ಪಾಠದಲ್ಲಿ ಓದಿರುತ್ತೀರಿ, ನಾವು ಕಣ್ಣಾರೆ ಕಂಡೆವು. 1983ರಲ್ಲಿ ತರಿಸಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ. ಕೆನೆ ಬಣ್ಣದ ರೆಕ್ಕೆಯ ಮೇಲೆ ಕಂದು ಗೆರೆಗಳು. ಕೆಲವು ವರ್ಷ ಸುದ್ದಿಯೇ ಇಲ್ಲ, ಆಮೇಲೆ ಒಂದು ಮಳೆಗಾಲದಲ್ಲಿ ಖಾಲಿ ಸೈಟುಗಳ ಪಾರ್ಥೇನಿಯಂ ಬರಿ ಕಡ್ಡಿಯಾಗಿ ನಿಂತಿತು. ಎಲ್ಲರೂ ಹೊಗಳುತ್ತಿರುವಾಗಲೇ ಆ ದುಂಬಿ ಸೂರ್ಯಕಾಂತಿಯ ಎಲೆ ಕಡಿಯುವುದು ಕಂಡಿತು. ರೈತರು ಸಿಟ್ಟಾದರು, ಪತ್ರಿಕೆಗಳಲ್ಲಿ ಬಂತು, ಕೆಲಕಾಲ ದುಂಬಿ ಬಿಡುವುದಕ್ಕೇ ತಡೆ ಬಿತ್ತು. ಇಂಥ ಹೊತ್ತಿನಲ್ಲಿ ದುಂಬಿಯ ಕಡೆಯವರು 'ಸುಳ್ಳು' ಎನ್ನಬಹುದಿತ್ತು. ಆದರೆ ಕಡಿದದ್ದು ನಿಜ. ಅವರು ಎಲೆಗಳನ್ನು ತೆಗೆದುಕೊಂಡು ನೋಡಿದರು: ಬದಿಯ ಪಾರ್ಥೇನಿಯಂ ಗಿಡಗಳ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಕೂತಿರುತ್ತದೆ, ಆ ರುಚಿಗೆ ದುಂಬಿ ಮೋಸಹೋಗಿ ಬಾಯಿ ಹಾಕುತ್ತದೆ. ಪರಾಗ ಬೀಳದ ಎಲೆಯನ್ನೂ ಪಕ್ಕದಲ್ಲಿ ಇಟ್ಟಿದ್ದರಿಂದಲೇ ಇದನ್ನು ತೋರಿಸಲು ಆಯಿತು. ಆ ಬರಿಯ ಎಲೆಯೇ ಅಲ್ಲಿನ ಕಂಟ್ರೋಲ್ ತಾಕು, ಗಮನಿಸಿದೆಯಾ?

ಚಿಕ್ಕಪುಟ್ಟ ಮಾತುಗಳನ್ನೂ ಬರೆದುಬಿಡುತ್ತೇನೆ. ಪೆನ್ನು ಬೇಡ, ಪೆನ್ಸಿಲ್. ಇಬ್ಬನಿಗೆ ಶಾಯಿ ಹರಡುತ್ತದೆ. ಯಾವ ತಾಕಿಗೆ ಏನು ಹೊಡೆದಿದೆ ಎಂಬ ನಕ್ಷೆಯನ್ನು ಕೈಯಲ್ಲಿ ಹಿಡಿದು ಎಣಿಸಬೇಡ, ಕಣ್ಣು ತಾನು ಬಯಸಿದ್ದನ್ನೇ ನೋಡುತ್ತದೆ. ನೋಡಿಯೂ ಹುಳು ಸಿಗದಿದ್ದರೆ ಸೊನ್ನೆ ಹಾಕು, ನೋಡದಿದ್ದರೆ ಗೆರೆ ಎಳೆ. ಇವೆರಡನ್ನು ಬೆರೆಸಿದ ಪುಸ್ತಕ ಒಲೆಗೆ ಮಾತ್ರ ಲಾಯಕ್ಕು. ಬೂಷ್ಟು ಹಿಡಿದ ಹುಳುಗಳಿಗೆ ಇಂದೇ ಬೇರೆ ಕಲಮು ಹಾಕು: ಗಿಡಕ್ಕೆ ಎಷ್ಟು ಜೀವಂತ, ಎಷ್ಟು ಬಿಳಿ, ಎಷ್ಟು ಹಸಿರು. ಮಳೆಯ ಲೆಕ್ಕವನ್ನು ಹವಾಮಾನ ಕೇಂದ್ರದಿಂದ ತಂದು ಪಕ್ಕದಲ್ಲಿ ಬರೆ. ಆಮೇಲೆ ಪುಸ್ತಕ ತೆಗೆದುಕೊಂಡು ನಿಮ್ಮ ಮಾರ್ಗದರ್ಶಕರ ಹತ್ತಿರ ಹೋಗು. ಅವರು ಮುಖ ಸಿಂಡರಿಸಬಹುದು, ಇನ್ನೊಂದು ಹಂಗಾಮು ಮಾಡು ಎನ್ನಬಹುದು. ಮಾಡು. ಒಂದು ಮಳೆಗಾಲವನ್ನು ನೋಡಿ 'ಮದ್ದೇ ಬೇಡ' ಎಂದು ರೈತನಿಗೆ ಹೇಳಲು ನಿನಗೂ ಧೈರ್ಯ ಬರಬಾರದು.

ದಸರೆಗೆ ಬರುತ್ತೀಯಲ್ಲ, ಆ ಹಸಿರು ಹುಳುವನ್ನು ನೋಡುವ ಆಸೆ ನನಗಿದೆ. ಆದರೆ ದಯವಿಟ್ಟು ತರಬೇಡ, ಫೋಟೋ ಸಾಕು. ಪಕ್ಕದ ಮನೆಯವರು ರೇಷ್ಮೆ ಹುಳು ಎಬ್ಬಿಸಿದ್ದಾರೆ, ಮೂರನೆಯ ಜ್ವರ (ಪೊರೆ ಕಳಚುವ ಹೊತ್ತು) ಕಳೆದಿದೆ. ರೇಷ್ಮೆ ಹುಳುವಿಗೆ ಬರುವ ಹಸಿರು ಸುಣ್ಣಕಟ್ಟು ರೋಗ ಎನ್ನುವುದು ಇದೇ ಬೂಷ್ಟಿಗೆ. ಹೊಲದಿಂದ ನೇರವಾಗಿ ಬಸ್ಸು ಹತ್ತುವ ಹುಡುಗಿ ನೀನು. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿಕೊಂಡೇ ಹೊರಡು.

ಇಂತು,
ನಿನ್ನ ದೊಡ್ಡಪ್ಪ