ಹತ್ತು ಲಕ್ಷ ಡಾಲರ್ ಜಾಸ್ತಿ ಕೊಡುವ ಮೊದಲು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಎರಡು ಮನೆಗಳ ವಿವರ ಓದಿದೆ. ಎರಡೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೇ ಇವೆ. ಎರಡರಲ್ಲೂ ನಾಲ್ಕು ಬೆಡ್‌ರೂಮ್. ಸೆಂಟರ್‌ವಿಲ್ ಕಡೆಯ ಮನೆಗೆ 17 ಲಕ್ಷ ಡಾಲರ್, ಒಳ್ಳೆಯ ಸ್ಕೂಲಿಗೆ ಹೆಸರಾದ ಮಿಷನ್ ಸ್ಯಾನ್ ಹೊಸೆಯ ಮನೆಗೆ 27 ಲಕ್ಷ. "ಮಗನ ಸ್ಕೂಲಿನ ವಿಷಯದಲ್ಲಿ ದುಡ್ಡಿನ ಲೆಕ್ಕ ಹಾಕಬಾರದು ಅಲ್ವಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಹಾಕಬೇಕು ಪುಟ್ಟಿ. ಮಗನ ವಿಷಯ ಅಂತಲೇ ಇನ್ನೂ ಜಾಗ್ರತೆಯಿಂದ ಹಾಕಬೇಕು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. 27 ಲಕ್ಷದ ಮನೆ ಈಗ ಬೇಡ. ಯಾಕೆ ಅಂತ ನಿಧಾನವಾಗಿ ಬರೆಯುತ್ತೇನೆ, ನೀವಿಬ್ಬರೂ ಕೂತು ಓದಿ.

ಕೈಯಲ್ಲಿರುವ ಡೌನ್ ಪೇಮೆಂಟ್ ದುಡ್ಡು ಎರಡು ಮನೆಗೂ ಅಷ್ಟೇ. ಹಾಗಾಗಿ ಮೇಲಿನ ಹತ್ತು ಲಕ್ಷ ಪೂರ್ತಿ ಸಾಲವೇ. ಶೇ. 6.5ರ ಬಡ್ಡಿಗೆ 30 ವರ್ಷದ ಸಾಲ ಅಂದರೆ ತಿಂಗಳಿಗೆ ಸುಮಾರು 6,300 ಡಾಲರ್ ಕಂತು. ಮನೆ ತೆರಿಗೆ ವರ್ಷಕ್ಕೆ ಸುಮಾರು 12,000 ಜಾಸ್ತಿ. ಎಲ್ಲಾ ಸೇರಿ ತಿಂಗಳಿಗೆ 7,300. ಇದು ಮನೆಯ ಖರ್ಚಲ್ಲ, ಎರಡು ಮನೆಗಳ ನಡುವಿನ ವ್ಯತ್ಯಾಸ ಮಾತ್ರ. ಮನೆ ಮಾರಿದಾಗ ದುಡ್ಡು ವಾಪಸ್ ಬರುತ್ತದೆ ಅಂತ ನಿಮ್ಮವರು ಹೇಳುತ್ತಾರೆ. ಬರಬಹುದು, ಒಳ್ಳೆಯ ಸ್ಕೂಲಿರುವ ಕಡೆ ಬೆಲೆ ಸುಲಭಕ್ಕೆ ಬೀಳುವುದಿಲ್ಲ. ಆದರೆ ಮೊದಲ ವರ್ಷ ಕಟ್ಟುವ ಕಂತಿನಲ್ಲಿ ನೂರಕ್ಕೆ 85ರಷ್ಟು ಬಡ್ಡಿಗೇ ಹೋಗುತ್ತದೆ. ಆ ಬಡ್ಡಿ ವಾಪಸ್ ಬರುವುದಿಲ್ಲ.

ಈಗ ಆ ಹತ್ತು ಲಕ್ಷಕ್ಕೆ ಏನು ಸಿಗುತ್ತದೆ ನೋಡೋಣ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಶಾಲೆಗೆ ದುಡ್ಡಿನ ದೊಡ್ಡ ಪಾಲು ಬರುವುದು ಸ್ಥಳೀಯ ಮನೆ ತೆರಿಗೆಯಿಂದ. ಮನೆಗಳು ದುಬಾರಿ ಇದ್ದಲ್ಲಿ ಶಾಲೆಯ ಕೈಯೂ ತುಂಬಿರುತ್ತದೆ. ನಿನ್ನ ನ್ಯೂಜೆರ್ಸಿ ಗೆಳತಿ ಹೇಳಿದ್ದು ಅದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ. ಊರಿನ ಸಿರಿತನದ ಮೇಲೆ ಮಗುವಿನ ಓದು ನಿಲ್ಲಬಾರದು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಸೆರಾನೊ ಮೊಕದ್ದಮೆಯಲ್ಲಿ ಹೇಳಿತು. 1978ರಲ್ಲಿ ಜನರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಅನ್ನುವ ಕಾನೂನು ಮನೆಯ ಮೂಲ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿತು. ಆಮೇಲೆ ಹೆಚ್ಚಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳಿಗೆ, ದುಡ್ಡು ಹಂಚುವುದು ರಾಜ್ಯವೇ. 2013ರ ಹೊಸ ಸೂತ್ರದಲ್ಲಿ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಇರುವ ಕಡೆಗೆ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಪಾಲೊ ಆಲ್ಟೊದಂಥ ಕೆಲವು ಕಡೆ ಮಾತ್ರ ತಮ್ಮ ತೆರಿಗೆಯನ್ನು ತಾವೇ ಇಟ್ಟುಕೊಳ್ಳುತ್ತಾರೆ.

ನೀನು ನೋಡಿರುವ ಎರಡು ಮನೆಗಳೂ ಬರುವುದು ಒಂದೇ ಫ್ರೀಮಾಂಟ್ ಯೂನಿಫೈಡ್ ಡಿಸ್ಟ್ರಿಕ್ಟ್‌ಗೆ. ಶಿಕ್ಷಕರ ಸಂಬಳದ ಪಟ್ಟಿ ಒಂದೇ, ಬೋರ್ಡ್ ಒಂದೇ. ನೀನು ಜಾಸ್ತಿ ಕಟ್ಟುವ ತೆರಿಗೆ ಮಿಷನ್ ಸ್ಯಾನ್ ಹೊಸೆ ಹೈಸ್ಕೂಲಿಗೆ ಅಂತ ಬೇರೆಯಾಗಿ ಹೋಗುವುದಿಲ್ಲ. ಪಕ್ಕದ ಮನೆಯವರು 1985ರಲ್ಲಿ, ಆಗಿನ ಕಡಿಮೆ ಬೆಲೆಗೆ ಕೊಂಡಿದ್ದರೆ ನಿನ್ನ ತೆರಿಗೆಯ ಸಣ್ಣ ಪಾಲಷ್ಟನ್ನೇ ಕಟ್ಟುತ್ತಿರುತ್ತಾರೆ. ಅಲ್ಲಿ ಪಾಲಕರು ಸೇರಿ ಎತ್ತುವ ದೇಣಿಗೆ ಜಾಸ್ತಿ ಇರಬಹುದು, ನಿಜ. ಆದರೆ ಮುಖ್ಯವಾಗಿ ಆ ದುಡ್ಡಿಗೆ ಸಿಗುವುದು ನೆರೆಹೊರೆ. ನಿನ್ನ ಹಾಗೇ ಓದಿದ, ನಿನ್ನ ಹಾಗೇ ಮಕ್ಕಳ ಓದಿನ ಬಗ್ಗೆ ಯೋಚನೆ ಮಾಡುವ ತಂದೆತಾಯಿಯರ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. ಅದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಹತ್ತು ಲಕ್ಷ ಇದೆಯಾ ಅನ್ನುವುದೇ ನನ್ನ ಪ್ರಶ್ನೆ.

ಮನೆಯ ಜಾಹೀರಾತಿನ ಕೆಳಗೆ ಅಲ್ಲಿನ ಶಾಲೆಗೆ ಹತ್ತಕ್ಕೆ ಹತ್ತು, ಹತ್ತಕ್ಕೆ ಏಳು ಅಂತ ಹಾಕಿರುತ್ತಾರಲ್ಲ, ಅದನ್ನು ನೋಡಿ ಹೆದರಬೇಡ. ಆ ಅಂಕದಲ್ಲಿ ದೊಡ್ಡ ಪಾಲು ಪರೀಕ್ಷೆಯ ಫಲಿತಾಂಶದ್ದು. ಪರೀಕ್ಷೆಯ ಫಲಿತಾಂಶದಲ್ಲಿ ದೊಡ್ಡ ಪಾಲು ಮನೆಯದ್ದು. 1966ರಲ್ಲೇ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅಮೆರಿಕದ ಶಾಲೆಗಳ ದೊಡ್ಡ ಸಮೀಕ್ಷೆ ಮಾಡಿ, ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಅಂಕದ ಮೇಲೆ ಜಾಸ್ತಿ ಪರಿಣಾಮ ಬೀರುತ್ತದೆ ಅಂತ ತೋರಿಸಿದರು. ಶಾಲೆ ಎಷ್ಟು ಕಲಿಸುತ್ತದೆ ಅಂತ ತಿಳಿಯಬೇಕಾದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಅಂತ ನೋಡಬೇಕು. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಹಾಗೆ ಲೆಕ್ಕ ಹಾಕಿದಾಗ, ಎಲ್ಲರೂ ಮೂಗು ಮುರಿಯುತ್ತಿದ್ದ ಶಿಕಾಗೊ ಶಾಲೆಗಳು ಮೇಲೆ ಬಂದವು. ಅಲ್ಲಿನ ಮಕ್ಕಳು 3ನೇ ತರಗತಿಯಿಂದ 8ನೇ ತರಗತಿಗೆ ಬರುವ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿಯುತ್ತಿದ್ದರು. ಸರಾಸರಿ ಅಂಕ ಮಾತ್ರ ಕಡಿಮೆಯೇ ಇತ್ತು.

ಬಡಾವಣೆ ಬದಲಿಸಿದರೆ ಮಕ್ಕಳ ಬದುಕು ಬದಲಾಗುತ್ತದೆ ಅಂತ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತೋರಿಸಿದ್ದಾರೆ ಅಂತ ನೀನು ಬರೆದಿದ್ದೀಯ. ಹೌದು, 13 ವರ್ಷ ತುಂಬುವ ಮೊದಲು ಬಡತನ ಕಡಿಮೆ ಇರುವ ಕಡೆ ಹೋದ ಮಕ್ಕಳು ದೊಡ್ಡವರಾದ ಮೇಲೆ ಸುಮಾರು ಶೇ. 31ರಷ್ಟು ಹೆಚ್ಚು ದುಡಿದರು. ಆದರೆ ಅವರು ಹೊರಟಿದ್ದು ಕಡುಬಡತನದ ಸರ್ಕಾರಿ ವಸತಿಗಳಿಂದ. ಸೆಂಟರ್‌ವಿಲ್ ಅಂಥ ಜಾಗ ಅಲ್ಲವಲ್ಲ.

ನಾನು ಶಾಲೆಯ ಲೈಬ್ರರಿಯಲ್ಲಿದ್ದಾಗ ಕಂಡಿದ್ದನ್ನೂ ಹೇಳಬೇಕು. ಮೇಲೆ ಬಂದ ಮಕ್ಕಳ ಮನೆಯಲ್ಲಿ ಸಂಜೆ ಯಾರಾದರೂ ಒಬ್ಬರು ಅವರ ಜೊತೆ ಕೂರುತ್ತಿದ್ದರು. ಇಂಗ್ಲಿಷ್ ಸರಿಯಾಗಿ ಬಾರದ ತಾಯಂದಿರೂ ಮಗು ಓದಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಕಂತು ಕಟ್ಟುವುದಕ್ಕೋಸ್ಕರ ನೀವಿಬ್ಬರೂ ರಾತ್ರಿ ಹತ್ತರವರೆಗೂ ಲ್ಯಾಪ್‌ಟಾಪ್ ಮುಂದೆ ಕೂತರೆ, ಮಗನ ಜೊತೆ ಕೂರುವುದು ಯಾರು? ಭಾನುವಾರದ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗುವುದು ಯಾರು? ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದೇ.

ಕಾಲೇಜಿನ ಮಾತಿಗೂ ಬರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಅವರವರ ಹೈಸ್ಕೂಲಿನ ಮೊದಲ ಶೇ. 9ರೊಳಗೆ ಬರುವ ಮಕ್ಕಳಿಗೆ, ಬೇರೆಲ್ಲೂ ಸೀಟು ಸಿಗದಿದ್ದರೆ, ಜಾಗ ಇರುವ ಯಾವುದಾದರೂ ಒಂದು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ನಲ್ಲಿ ಅವಕಾಶ ಇದೆ. 2021ರಿಂದ ಯುಸಿಯವರು ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕವನ್ನು ನೋಡುವುದೇ ಇಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ಎ ಗ್ರೇಡೇ ಬರುವ ಹೈಸ್ಕೂಲಿನಲ್ಲಿ ಆ ಶೇ. 9ರೊಳಗೆ ನುಗ್ಗುವುದು ಎಷ್ಟು ಕಷ್ಟ ಯೋಚನೆ ಮಾಡು. ಕೆಲವು ಮಕ್ಕಳು ಅಂಥ ಪೈಪೋಟಿಯಲ್ಲಿ ಅರಳುತ್ತಾರೆ. ಕೆಲವರು ನಿದ್ದೆಗೆಟ್ಟು ಬಾಡುತ್ತಾರೆ. ನಿನ್ನ ಮಗನಿಗೆ ಈಗಿನ್ನೂ ನಾಲ್ಕು ವರ್ಷ. ಅವನು ಯಾವ ಥರದವನು ಅಂತ ನಿನಗಾಗಲಿ ನನಗಾಗಲಿ ಇನ್ನೂ ತಿಳಿಯದು.

ಇನ್ನೊಂದು ವಿಷಯ ನಿನ್ನ ಅಮ್ಮನಿಗೆ ಮೈಸೂರಿನಲ್ಲಿ ಕೂತು ಅರ್ಥವಾಗುವುದು ಕಷ್ಟ, ನೀನೇ ಬಿಡಿಸಿ ಹೇಳು. ನೀವಿಬ್ಬರೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೀರಿ. ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿನಗೇ ಗೊತ್ತು. 60 ದಿನದಲ್ಲಿ ಮನೆ ಮಾರಿ ಹೊರಡುವ ಪರಿಸ್ಥಿತಿ ಬಂದರೆ ಕೇಳಿದ ಬೆಲೆ ಸಿಗುವುದಿಲ್ಲ. ಒಬ್ಬರ ಸಂಬಳದಲ್ಲಿ ಒಂದು ವರ್ಷ ಮನೆ ನಡೆಯುತ್ತದೆ ಅಂದರೆ ಮಾತ್ರ ಸಹಿ ಹಾಕಿ. ಇನ್ನೂ ಕೈಗೆ ಬರದ ಕಂಪನಿ ಷೇರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. 27 ಲಕ್ಷದ ಮನೆ ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. 17 ಲಕ್ಷದ್ದು ಕಷ್ಟಪಟ್ಟು ನಿಲ್ಲಬಹುದು.

ಹಾಗಾದರೆ ಮಿಷನ್ ಸ್ಯಾನ್ ಹೊಸೆ ಸ್ಕೂಲಿನ ಆಸೆ ಬಿಟ್ಟೇಬಿಡಬೇಕಾ? ಬೇಡ. ಸರ್ಕಾರಿ ಶಾಲೆಗೆ ಬೇಕಾದ್ದು ಆ ವಿಳಾಸದಲ್ಲಿ ವಾಸ, ಮನೆಯ ಪತ್ರ ಅಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ ಇದ್ದರೆ ನಡೆಯುತ್ತದೆ. ಆ ಕಡೆ ಮನೆ ಬೆಲೆ ಏರಿರುವಷ್ಟು ಬಾಡಿಗೆ ಏರಿಲ್ಲ. ಮಗ ಎಂಟನೇ ತರಗತಿಗೆ ಬಂದಾಗ ಅವನಿಗೇ ಮಿಷನ್ ಹೈಸ್ಕೂಲ್ ಬೇಕು ಅನ್ನಿಸಿದರೆ, ನಿಮ್ಮ ಮನೆ ಬಾಡಿಗೆಗೆ ಕೊಟ್ಟು ನಾಲ್ಕು ವರ್ಷ ಅಲ್ಲಿ ಬಾಡಿಗೆಗಿರಿ. ಬೆಂಗಳೂರಿನಲ್ಲಿ ಮಕ್ಕಳ ಪಿಯುಸಿಗೆ ಅಂತ ನಮ್ಮ ನೆಂಟರು ಎಷ್ಟು ಜನ ಹೀಗೆ ಮಾಡಿಲ್ಲ? ಯಾರದೋ ವಿಳಾಸ ಕೊಟ್ಟು ಸೇರಿಸುವ ಯೋಚನೆ ಮಾತ್ರ ಬೇಡವೇ ಬೇಡ. ಗೊತ್ತಾದರೆ ವರ್ಷದ ಮಧ್ಯದಲ್ಲೇ ಮಗುವನ್ನು ತೆಗೆಯುತ್ತಾರೆ.

ಮನೆ ಕೊಂಡವರಿಗೂ ಸೀಟು ಖಾತ್ರಿ ಅಂತೇನಿಲ್ಲ. ಕ್ಲಾಸು ತುಂಬಿದ್ದರೆ ಡಿಸ್ಟ್ರಿಕ್ಟ್‌ನವರು ಬೇರೆ ಶಾಲೆಗೆ ಕಳಿಸಬಹುದು. ಗಡಿಯನ್ನೂ ಬದಲಿಸಬಹುದು. ಇಲ್ಲೇ ಹತ್ತಿರದ ಕ್ಯೂಪರ್ಟಿನೊದಲ್ಲಿ ಶಾಲೆಗೋಸ್ಕರವೇ ಜನ ಮುಗಿಬಿದ್ದು ಮನೆ ಕೊಂಡರು. ಮನೆ ಎಷ್ಟು ದುಬಾರಿಯಾಯಿತೆಂದರೆ ಚಿಕ್ಕ ಮಕ್ಕಳಿರುವ ಸಂಸಾರಗಳು ಬರುವುದೇ ಕಡಿಮೆಯಾಯಿತು. ಮಕ್ಕಳ ಸಂಖ್ಯೆ ಇಳಿದು 2022ರಲ್ಲಿ ಪ್ರಾಥಮಿಕ ಶಾಲೆಗಳನ್ನೇ ಮುಚ್ಚಬೇಕಾಯಿತು.

ಈ ವಾರ ಎರಡೂ ವಿಳಾಸ ಇಟ್ಟುಕೊಂಡು ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡು. ಮುಂದಿನ ಆಗಸ್ಟ್‌ಗೆ ಕಿಂಡರ್‌ಗಾರ್ಟನ್ ಯಾವ ಶಾಲೆ, ಕಳೆದ ವರ್ಷ ಅಲ್ಲಿಂದ ಮಕ್ಕಳನ್ನು ಬೇರೆ ಕಡೆ ಕಳಿಸಿದ್ದರಾ ಅಂತ ಕೇಳು. ಆಮೇಲೆ ಸೆಂಟರ್‌ವಿಲ್ ಶಾಲೆಗೆ ಒಂದು ಬೆಳಿಗ್ಗೆ ಹೋಗಿ ಬಾ. ಶಿಕ್ಷಕರು ವರ್ಷಾನುಗಟ್ಟಲೆ ಉಳಿಯುತ್ತಾರಾ, ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ, ಬೇಗ ಕಲಿಯುವ ಮಗುವಿಗೆ ಏನು ಕೊಡುತ್ತೀರಿ ಅಂತ ಪ್ರಿನ್ಸಿಪಾಲರನ್ನು ನೇರವಾಗಿ ಕೇಳು. ಸಂಕೋಚ ಬೇಡ, ಅದು ನಿನ್ನ ಹಕ್ಕು. ಅವರ ಉತ್ತರದಿಂದ ನಿನಗೆ ಸಮಾಧಾನ ಆಗದಿದ್ದರೆ ಆ ಮನೆಯನ್ನೂ ಬಿಡೋಣ, ಬೇರೆ ನೋಡೋಣ.

ಶನಿವಾರ ಊಟಕ್ಕೆ ಬನ್ನಿ. ಬ್ಯಾಂಕಿನವರು ಕೊಟ್ಟ ಸಾಲದ ಕಾಗದ ಮರೆಯದೆ ತಾ. ನಿನ್ನ ದೊಡ್ಡಪ್ಪ ಒಂದೊಂದು ಸಾಲನ್ನೂ ನಿಮ್ಮ ಜೊತೆ ಕೂತು ಓದುತ್ತಾರೆ. ಅಲ್ಲಿಯವರೆಗೆ ಮಿಷನ್ ಮನೆಗೆ ಆಫರ್ ಹಾಕಬೇಡಿ. ಏಜೆಂಟ್ ಎಷ್ಟೇ ಅವಸರ ಮಾಡಿದರೂ ಹಾಕಬೇಡಿ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ