ತೂಕದ ಜೊತೆ ಹಿರಿಯರ ಕಾಲಿನ ಶಕ್ತಿನೂ ಇಳೀತಿದೆ

ಸಂಪಾದಕರೇ,

ನಮ್ಮ ಕೊಡಗಿನ ನಾಪೋಕ್ಲು ಕಡೆ ಈಗ ವಯಸ್ಸಾದವರೂ ಡಯಟ್ ಶುರು ಮಾಡ್ಕೊಂಡಿದಾರೆ. ಶುಗರ್ ಇದೆ, ಮಂಡಿ ನೋವಿದೆ, ತೂಕ ಇಳಿಸಿ ಅಂತ ಹೇಳಿಸ್ಕೊಂಡು ಬಂದವರು ಮೊದ್ಲು ಬಿಡೋದು ರಾತ್ರಿ ಊಟ, ಆಮೇಲೆ ಮೊಟ್ಟೆ, ಮಾಂಸ, ಕೊನೆಗೆ ಉಳಿಯೋದು ಒಂದು ಅಕ್ಕಿ ರೊಟ್ಟಿ ಚಟ್ನಿ, ಇಲ್ಲಾಂದ್ರೆ ಗಂಜಿ. ತೂಕ ಇಳಿಯುತ್ತೆ ನಿಜ, ಆದ್ರೆ ಇಳಿದಿದ್ದು ಬರೀ ಕೊಬ್ಬಲ್ಲ, ಮಾಂಸಖಂಡನೂ ಹೋಗಿರುತ್ತೆ.

ನಮ್ಮ ಪಕ್ಕದ ಮನೆ ಅಜ್ಜಿ ಹೋದ ವರ್ಷದ ತನಕ ಕಣದಲ್ಲಿ ಹರಡಿದ ಕರಿಮೆಣಸನ್ನ ಮೋಡ ಕಂಡ ಕೂಡಲೇ ಬಾಚಿ ಒಳಗೆ ತರ್ತಿದ್ರು. ಈಗ ಕುರ್ಚಿಯ ಎರಡೂ ಕೈ ಹಿಡ್ಕೊಂಡು ಸೊಂಟ ಎತ್ತಿ, ಅರ್ಧ ಬಗ್ಗಿದ ಹಾಗೇ ಒಂದು ಗಳಿಗೆ ನಿಂತು ಆಮೇಲೆ ನೆಟ್ಟಗಾಗ್ತಾರೆ. ಬಳೆ ಮೊಣಕೈ ತನಕ ಜಾರುತ್ತೆ. ನೋಡಿದವರೆಲ್ಲ ‘ಸಣ್ಣ ಆಗಿದೀರಿ, ಒಳ್ಳೇದಾಯ್ತು’ ಅಂತಾರೆ, ನಂಗೆ ಸಂಕಟ ಆಗುತ್ತೆ.

ಅಮೆರಿಕದಲ್ಲಿ 65 ದಾಟಿದ 107 ಜನ ದಪ್ಪ ಇದ್ದವರನ್ನ ಒಂದು ವರ್ಷ ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಬರೀ ಡಯಟ್ ಮಾಡಿದವರೂ, ಡಯಟ್ ಜೊತೆ ವ್ಯಾಯಾಮ ಮಾಡಿದವರೂ ತೂಕ ಇಳಿಸಿದ್ದು ಹೆಚ್ಚುಕಮ್ಮಿ ಒಂದೇ, ಆದ್ರೆ ಎರಡೂ ಮಾಡಿದವರ ಓಡಾಟದ ಶಕ್ತಿ ಎಲ್ಲರಿಗಿಂತ ಚೆನ್ನಾಗಾಯ್ತು, ಬರೀ ಡಯಟ್ ಮಾಡಿದವರಿಗಿಂತ ಮಾಂಸಖಂಡ, ಸೊಂಟದ ಮೂಳೆ ಸವೆದಿದ್ದೂ ಕಮ್ಮಿ. ಅಂದ್ರೆ ತೂಕ ಇಳಿಸಲೇಬಾರದು ಅಂತಲ್ಲ, ಬರೀ ಹೊಟ್ಟೆ ಕಟ್ಟಿ ಇಳಿಸಬಾರದು.

ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳ್ತಾರೆ, 60 ಕೆಜಿ ಇರೋರಿಗೆ 60-72 ಗ್ರಾಂ. ಒಂದು ಮೊಟ್ಟೇಲಿ ಸಿಗೋದು ಸುಮಾರು 6 ಗ್ರಾಂ. ಹಾಗಾಗಿ ಮೂರು ಹೊತ್ತೂ ಮೊಟ್ಟೆನೋ ಮೀನೋ ಕೋಳಿನೋ ಹೆಸರುಕಾಳೋ ಮೊಸರೋ ಏನಾದ್ರೂ ತಟ್ಟೇಲಿ ಇರಲೇಬೇಕು, ಹಲ್ಲಿಲ್ಲದವರಿಗೆ ಮೆತ್ತಗೆ ಬೇಯಿಸಿ ಕೊಡಿ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳಿಯೇ ತಿನ್ನಬೇಕು. ಇನ್ನು ಡಯಟ್ ಏನೂ ಮಾಡದೇ ಆರು ತಿಂಗಳಲ್ಲಿ 60 ಕೆಜಿಯವರು 57ಕ್ಕೆ ಬಂದ್ರೆ ಅದನ್ನ ವಯಸ್ಸಿನ ತಲೆಗೆ ಕಟ್ಟಬೇಡಿ, ತೋರಿಸಿ.

ನಮ್ಮಲ್ಲಿ ಜೂನ್ ಬಂತು ಅಂದ್ರೆ ಮೂರ್ನಾಲ್ಕು ತಿಂಗಳು ಹಿರಿಯರು ಹೊರಗೆ ಕಾಲಿಡಲ್ಲ, ಮಕ್ಕಳು ಬೆಂಗಳೂರಲ್ಲಿ, ಒಬ್ಬರಿಗೇ ಅಂತ ಅಡುಗೆನೂ ಸರಿಯಾಗಿ ಮಾಡ್ಕೊಳ್ಳಲ್ಲ. ಆ ಮಳೆಗಾಲದಲ್ಲೇ ಕಾಲು ಸೋಲೋದು. ಜಗಲೀಲೇ ಗಟ್ಟಿ ಕುರ್ಚಿ ಗೋಡೆಗೆ ಒರಗಿಸಿಟ್ಟು ದಿನಾ ಎದ್ದು ಕೂರೋದನ್ನ ಮಾಡಿಸಬಹುದು, ಪಕ್ಕದಲ್ಲಿ ಯಾರಾದ್ರೂ ಇರಲಿ.

ಆರೋಗ್ಯ ಇಲಾಖೆಯವರಲ್ಲಿ ಒಂದು ಮನವಿ. ಊರೂರಲ್ಲಿ ಕ್ಯಾಂಪ್ ಮಾಡುವಾಗ ಬಿಪಿ, ಶುಗರ್ ಜೊತೆ ಇದನ್ನೂ ನೋಡಿ: ಕೈ ಊರದೆ ಐದು ಸಲ ಕುರ್ಚಿಯಿಂದ ಎದ್ದು ಕೂರೋಕೆ 15 ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ಕಾಲಿನ ಶಕ್ತಿ ಕುಂದಿದೆ ಅಂತಲೇ ಲೆಕ್ಕ. ಒಂದು ಕುರ್ಚಿ, ಒಂದು ಮೊಬೈಲ್ ಇದ್ರೆ ಆಯ್ತು, ಈ ಮಳೆ ಹಿಡಿಯೋಕೆ ಮುಂಚೆನೇ ಶುರು ಮಾಡಿ.

– ಓದುಗ, ನಾಪೋಕ್ಲು