ಮಗಳಿಗೊಂದು ಪತ್ರ: ಕೊನೆಯ ಪ್ರಾಜೆಕ್ಟಿಗೆ ಒಂಬತ್ತು ಕೃತಿ ಸಾಕು

ಪ್ರೀತಿಯ ಮಗಳೇ,

ನಿನ್ನ ಕೋರ್ಸಿನ ಕೊನೆಯ ಪ್ರಾಜೆಕ್ಟಾಗಿ ನೀನು ರೂಪಿಸಲಿರುವ ಕಲಾ ಪ್ರದರ್ಶನದ ಪ್ರಸ್ತಾವನೆ ಪೂರ್ತಿ ಓದಿದೆ. ‘ದೇಹ ಮತ್ತು ನೆನಪು’ ಎಂಬ ವಿಷಯ, 18 ಕೃತಿಗಳು, 90 ಚದರ ಮೀಟರಿನ ಒಂದೇ ಕೋಣೆ, ಕೈಯಲ್ಲಿ 5 ತಿಂಗಳು. ವಿಷಯ ಇಷ್ಟು ಅಗಲವಾದರೆ ಯಾವ ಕೃತಿಯನ್ನೂ ಬೇಡವೆನ್ನಲು ಕಾರಣ ಸಿಗುವುದಿಲ್ಲ. ನಿನ್ನ ನಿಜವಾದ ಪ್ರಾಜೆಕ್ಟು ಎರಡನೇ ಪುಟದ ಕೆಳಗಿದೆ: ಪರ್ಫಾರ್ಮೆನ್ಸ್ (ಕಲಾವಿದರು ಜನರೆದುರು ಮಾಡುವ ಕ್ರಿಯೆಯೇ ಕೃತಿಯಾಗುವ ಕಲೆ) ಮುಗಿದ ಮೇಲೆ ಉಳಿಯುವುದರಲ್ಲಿ ಕೃತಿ ಯಾವುದು, ಬರೀ ದಾಖಲೆ ಯಾವುದು? ಅದನ್ನೇ ಗಟ್ಟಿಯಾಗಿ ಹಿಡಿದುಕೋ. ಫ್ರೆಂಚ್ ಕಲಾವಿದ ಈವ್ ಕ್ಲೈನ್ 1960ರಲ್ಲಿ ಕಟ್ಟಡದಿಂದ ಹಾರುವ ಫೋಟೋ ಎರಡು ಚಿತ್ರಗಳನ್ನು ಜೋಡಿಸಿ ಮಾಡಿದ್ದು; ಕೆಳಗೆ ಬಟ್ಟೆ ಹಿಡಿದು ನಿಂತವರನ್ನು ಅದರಲ್ಲಿ ಅಳಿಸಲಾಗಿದೆ. ಕಲಾವಿದ ಟಿನೋ ಸೆಹಗಲ್ ತನ್ನ ಕೃತಿಗಳ ಫೋಟೋ ತೆಗೆಯಲು ಬಿಡುವುದೇ ಇಲ್ಲ. ಈ ಎರಡು ತುದಿಗಳ ನಡುವೆ ನಿನ್ನ ಕೃತಿಗಳು ಎಲ್ಲೆಲ್ಲಿ ನಿಲ್ಲುತ್ತವೆ ಎಂದು ನೋಡು. ಒಂದೊಂದು ಕೃತಿಯ ಎದುರಿಗೂ, ಇದು ಪ್ರಶ್ನೆಗೆ ಏನು ಸೇರಿಸುತ್ತದೆ ಎಂದು ಒಂದು ವಾಕ್ಯ ಬರೆ. ಎರಡು ಕೃತಿಗೆ ಅದೇ ವಾಕ್ಯ ಬಂದರೆ ಒಂದನ್ನು ಬಿಡು. ನಿನ್ನ ಕೋಣೆಗೆ 9 ಸಾಕು ಅನ್ನಿಸುತ್ತದೆ ನನಗೆ.

ಉಳಿದವನ್ನು ಕಂಪ್ಯೂಟರಿನ ನಕ್ಷೆಯಲ್ಲಷ್ಟೇ ಜೋಡಿಸಬೇಡ. ರಟ್ಟಿನಲ್ಲಿ 1:20ರ ಮಾದರಿ ಮಾಡು. 10 ಮೀಟರಿನ ಗೋಡೆ 50 ಸೆಂಟಿಮೀಟರ್ ಆಗುತ್ತದೆ, ಮೇಜಿನ ಮೇಲೆ ಹಿಡಿಸುತ್ತದೆ. ಕೃತಿಗಳ ಚಿತ್ರಗಳನ್ನೂ ಅದೇ ಅಳತೆಗೆ ಮುದ್ರಿಸಿ ಕತ್ತರಿಸಿಕೋ. ಬಾಗಿಲು ತೆರೆಯುವ ದಿಕ್ಕು, ಪ್ಲಗ್ ಪಾಯಿಂಟು, ಸ್ವಿಚ್ಚು, ಬೆಂಕಿ ಆರಿಸುವ ಸಿಲಿಂಡರ್, ಕಿಟಕಿ ಎಲ್ಲವನ್ನೂ ಗುರುತಿಸು. ಒಳ್ಳೆಯ ಗೋಡೆಯ ನಟ್ಟನಡುವೆ ಸ್ವಿಚ್ ಬೋರ್ಡು ಇರುವುದು ಕೃತಿ ತೂಗುಹಾಕುವ ದಿನವೇ ಗೊತ್ತಾದರೆ ಇಡೀ ಜೋಡಣೆ ಕೆಡುತ್ತದೆ. ಆಮೇಲೆ ಮಾದರಿಯ ಬಾಗಿಲಲ್ಲಿ, ನೆಲದಿಂದ 8 ಸೆಂಟಿಮೀಟರ್ ಎತ್ತರಕ್ಕೆ ಕಣ್ಣಿಟ್ಟು ನೋಡು. ಮಾದರಿಯ ಅಳತೆಯಲ್ಲಿ ನಿಂತವರ ಕಣ್ಣಿನ ಮಟ್ಟ ಸುಮಾರಾಗಿ ಅದೇ. ಮೊದಲು ಕಾಣುವುದು ಯಾವುದು, ಅದರ ಹಿಂದೆ ಇಣುಕುವುದು ಯಾವುದು? ನಿನ್ನ ವಾದ ಅಲ್ಲಿಂದ ಶುರುವಾಗುತ್ತದೆ. ಫೋಟೋದ ಪಕ್ಕ ಆ ಪರ್ಫಾರ್ಮೆನ್ಸಿನಲ್ಲಿ ಬಳಸಿದ ವಸ್ತು ಇಟ್ಟರೆ ನೋಡುವವರು ಅದನ್ನು ಪುರಾವೆಯಾಗಿ ಓದುತ್ತಾರೆ. ಅದನ್ನೇ ಎದುರು ಗೋಡೆಗೆ ಒಂಟಿಯಾಗಿ ಇಟ್ಟರೆ ಶಿಲ್ಪವಾಗಿ ನೋಡುತ್ತಾರೆ. ಗೋಡೆಬರಹದಲ್ಲಿ ಎಷ್ಟು ವಿವರಿಸಿದರೂ ಈ ಕೆಲಸ ಆಗುವುದಿಲ್ಲ. ಓಡಾಡುವ ದಾರಿ ಎಲ್ಲಿಯೂ 1.2 ಮೀಟರಿಗಿಂತ ಕಿರಿದಾಗದಿರಲಿ, ಗಾಲಿಕುರ್ಚಿ ತಿರುಗುವ ಕಡೆ 1.5 ಬಿಡು.

ನನಗೆ ಹೆಚ್ಚು ಆತಂಕ ಇರುವುದು ನಿನ್ನ ಮೂರು ವಿಡಿಯೋಗಳ ಬಗ್ಗೆ. ಮೂರಕ್ಕೂ ಧ್ವನಿ ಇದೆ. ಪರದೆ ಕಟ್ಟಿದರೆ ಚೂಪು ಸದ್ದು ಕಡಿಮೆಯಾಗುತ್ತದೆ, ಆದರೆ ಗಡಸು, ತಗ್ಗಿನ ಸದ್ದು ಬಟ್ಟೆಯನ್ನು ದಾಟಿ ಬಂದೇ ಬರುತ್ತದೆ. ಒಂದಕ್ಕೆ ಮಾತ್ರ ಸ್ಪೀಕರ್ ಇಟ್ಟು ಉಳಿದೆರಡಕ್ಕೆ ಹೆಡ್‌ಫೋನ್ ಕೊಡು. ಯಾವುದಕ್ಕೆ ಸ್ಪೀಕರ್ ಎಂಬುದನ್ನು ಕಲಾವಿದರ ಜೊತೆ ಮಾತಾಡಿಯೇ ತೀರ್ಮಾನಿಸು. ಪ್ರೊಜೆಕ್ಟರಿನ ಥ್ರೋ ರೇಷಿಯೋ (ಚಿತ್ರದ ಅಗಲಕ್ಕೆ ಎಷ್ಟು ಪಟ್ಟು ದೂರ ಬೇಕು ಎಂಬ ಲೆಕ್ಕ) 1.5 ಇದ್ದರೆ 2.4 ಮೀಟರ್ ಅಗಲದ ಚಿತ್ರಕ್ಕೆ ಅದನ್ನು 3.6 ಮೀಟರ್ ದೂರ ಇಡಬೇಕು. ಆ ದಾರಿಯಲ್ಲಿ ಜನ ಅಡ್ಡ ಬಂದರೆ ನೆರಳು ಬೀಳುತ್ತದೆ, ಹಾಗಾಗಿ ಮೇಲೆ ತೂಗುಹಾಕುವ ವ್ಯವಸ್ಥೆ ಈಗಲೇ ಕೇಳಿಕೋ. ಲ್ಯಾಪ್‌ಟಾಪಿನಿಂದ ಓಡಿಸಬೇಡ, ಮಧ್ಯದಲ್ಲಿ ಅಪ್‌ಡೇಟ್ ಸೂಚನೆ ಬಂದು ಗೋಡೆ ತುಂಬ ಕಾಣಿಸುತ್ತದೆ. ಕರೆಂಟು ಬಂದ ಕೂಡಲೇ ತಾನಾಗಿ ಶುರುವಾಗಿ ಲೂಪ್ ಆಗುವ ಮೀಡಿಯಾ ಪ್ಲೇಯರ್ ತೆಗೆದುಕೋ, ಅದೇ ಫೈಲನ್ನು ಅದೇ ಪ್ಲೇಯರಿನಲ್ಲಿ ಎರಡು ದಿನ ನಿಲ್ಲಿಸದೆ ಓಡಿಸಿ ನೋಡು.

ಎರವಲು ವಿಚಾರ. ಮ್ಯೂಸಿಯಂಗಳಿಗೆ ಎಷ್ಟೋ ಸಲ ಆರು ತಿಂಗಳಿಂದ ಒಂದು ವರ್ಷ ಮೊದಲೇ ಕೋರಿಕೆ ಹೋಗಬೇಕು, ನಿನಗೆ ಅಷ್ಟು ಸಮಯವಿಲ್ಲ. ಕಲಾವಿದರಿಂದಲೇ ನೇರವಾಗಿ ಕೇಳು. ಒಪ್ಪಂದದಲ್ಲಿ ತಾರೀಖು, ವಿಮೆಯ ಮೌಲ್ಯ, ಸಾಗಣೆ ಖರ್ಚು ಯಾರದು, ಫೋಟೋ ಬಳಸುವ ಅನುಮತಿ, ಕಲಾವಿದರ ಗೌರವಧನ ಎಲ್ಲವೂ ಇರಲಿ. ವಿಮೆ ಕೃತಿ ಅವರ ಗೋಡೆಯಿಂದ ಇಳಿದ ಕ್ಷಣದಿಂದ ಮತ್ತೆ ಅಲ್ಲಿಗೆ ಏರುವವರೆಗೆ ಇರಬೇಕು. ಗ್ಯಾಲರಿಯ ಒಳಗಷ್ಟೇ ಅನ್ವಯಿಸುವ ವಿಮೆ ಸಾಗಣೆಯಲ್ಲಿ ಆದ ಹಾನಿಗೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಪರ್ಫಾರ್ಮೆನ್ಸನ್ನು ಬೇರೆಯವರಿಂದ ಮತ್ತೆ ಮಾಡಿಸುವ ಯೋಚನೆ ನಿನಗಿದೆ. ಪರ್ಫಾರ್ಮೆನ್ಸ್ ಕಲಾವಿದೆ ಮರೀನಾ ಅಬ್ರಮೋವಿಚ್ 2005ರಲ್ಲಿ ನ್ಯೂಯಾರ್ಕಿನ ಕಲಾ ಮ್ಯೂಸಿಯಂ ಗುಗೆನ್‌ಹೈಮ್‌ನಲ್ಲಿ ಏಳು ರಾತ್ರಿ ಪರ್ಫಾರ್ಮೆನ್ಸ್ ಮಾಡಿದಾಗ, ಇತರ ಕಲಾವಿದರ ಕೃತಿಗಳನ್ನು ಮತ್ತೆ ಮಾಡಲು ಅನುಮತಿ ಕೇಳುವುದನ್ನೇ ಆ ಕೆಲಸದ ಭಾಗವಾಗಿಸಿದ್ದರು. ನೀನೂ ಎಷ್ಟು ಹೊತ್ತು, ಯಾರು, ಏನು ಬದಲಿಸಬಹುದು ಎಂಬುದನ್ನು ಬರಹದಲ್ಲಿ ಪಡೆ. ಬಜೆಟ್ಟಿನ ಶೇ. 10ನ್ನು ಮುಟ್ಟದೆ ಪಕ್ಕಕ್ಕಿಡು.

ಕೃತಿಗಳ ಪೆಟ್ಟಿಗೆ ಬಂದ ಕೂಡಲೇ ತೆರೆಯಬೇಡ, 24 ಗಂಟೆ ಕೋಣೆಯ ಹವೆಗೆ ಹೊಂದಿಕೊಳ್ಳಲಿ. ತೆರೆದ ತಕ್ಷಣ, ಕೊಟ್ಟವರ ವರದಿಯ ಜೊತೆ ಹೋಲಿಸಿ, ಮೂಲೆ ಮೂಲೆಯ ಫೋಟೋ ಸಮೇತ ಸ್ಥಿತಿ ವರದಿ (ಕೃತಿಯಲ್ಲಿ ಎಲ್ಲಿ ಏನು ಹಾನಿ ಇದೆ ಎಂಬ ದಾಖಲೆ) ಬರೆ. ತೂಗುಹಾಕುವ ಲೆಕ್ಕ ಸುಲಭ: ಚಿತ್ರದ ನಡುಮಟ್ಟ ನೆಲದಿಂದ 150 ಸೆಂಟಿಮೀಟರ್, ಚಿತ್ರದ ಎತ್ತರ 80, ತಂತಿ ಎಳೆದಾಗ ಮೇಲಂಚಿನಿಂದ 6 ಕೆಳಗೆ ಬಂದರೆ, ಮೊಳೆ 150 + 40 − 6, ಅಂದರೆ 184ಕ್ಕೆ. ಕಾಗದದ ಕೃತಿ, ಹಳೆಯ ಫೋಟೋಗಳಿಗೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಮೀರಬೇಡ. ಬೆಳಕಿನ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ: 50 ಲಕ್ಸಿನಲ್ಲಿ ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 12,000 ಲಕ್ಸ್ ಗಂಟೆ, 200 ಲಕ್ಸಿನಲ್ಲಿ 48,000.

ಗೋಡೆಬರಹ 150 ಪದ, ಒಂದೊಂದು ಲೇಬಲ್ 60. ಉದ್ಘಾಟನೆಗೆ ತಲೆ ಕೆಡಿಸಿಕೊಳ್ಳಬೇಡ.

ಪ್ರದರ್ಶನದ ಜೊತೆ ಕೊಡುವ ಪ್ರಬಂಧದಲ್ಲಿ ಮಾತ್ರ ರಾಜಿ ಬೇಡ. 1969ರಲ್ಲಿ ಸ್ವಿಸ್ ಕ್ಯುರೇಟರ್ (ಪ್ರದರ್ಶನ ರೂಪಿಸುವವರು) ಹರಾಲ್ಡ್ ಸೀಮನ್ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಮಾಡಿದ ಪ್ರದರ್ಶನದಿಂದ ಶುರುವಾಗುವ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. ನಿನ್ನ ಯಾವುದಾದರೂ ತೀರ್ಮಾನ ಅಲ್ಲಿಂದ ಬಂದಿದ್ದರೆ ಮಾತ್ರ ಅದನ್ನು ತಾ. ಇವತ್ತೇ ಒಂದು ಪುಸ್ತಕ ಇಡು: ತಾರೀಖು, ತೀರ್ಮಾನ, ಬಿಟ್ಟ ಆಯ್ಕೆ, ಕಾರಣ. ಪರೀಕ್ಷಕರು ಕೇಳುವುದು ಈ ಮೂರನೇ ಮತ್ತು ನಾಲ್ಕನೇ ಕಾಲಂ, ಮತ್ತು ಅವನ್ನು ಕೊನೆಯಲ್ಲಿ ಕೂತು ನೆನಪಿಸಿಕೊಂಡು ಬರೆದರೆ ಗೊತ್ತಾಗಿಬಿಡುತ್ತದೆ. ಜನ ಬರುವ ಮೊದಲು ಖಾಲಿ ಕೋಣೆಯ ಫೋಟೋ ತೆಗೆಸು, ಒಂದೊಂದೇ ಕೃತಿಯದಷ್ಟೇ ಸಾಲದು, ಎರಡು ಕೃತಿ ಒಟ್ಟಿಗೆ ಕಾಣುವ ನೋಟಗಳೂ ಬೇಕು. ಕೃತಿಗಳು ವಾಪಸ್ ಹೋಗುವಾಗ ಮತ್ತೊಮ್ಮೆ ಸ್ಥಿತಿ ವರದಿ, ಪಡೆದವರ ಸಹಿ. ಆ ಸಹಿಯ ಪ್ರತಿಯೂ ಪ್ರಾಜೆಕ್ಟಿನ ಅನುಬಂಧಕ್ಕೆ ಸೇರಲಿ.

9 ಕೃತಿಗಳ ಪಟ್ಟಿ, ಅವುಗಳ ಒಂಬತ್ತು ವಾಕ್ಯಗಳು ಸಿದ್ಧವಾದಾಗ ಮಾದರಿಯ ಫೋಟೋ ಜೊತೆ ಕಳಿಸು, ಬಾಗಿಲಿಂದ ತೆಗೆದದ್ದು.

ಪ್ರೀತಿಯಿಂದ,
ಅಮ್ಮ